ವಾರ್ಧಕ್ಯದಲ್ಲಿ ಬಾಡಿಗೆಯ ಆಸರೆ: ಧರ್ಮವೇ, ಪಲಾಯನವೇ?

ಕಳೆದ ಚಾತುರ್ಮಾಸ್ಯದ ಒಂದು ಶನಿವಾರ ಸಾಯಂಕಾಲ ಶಾಖಾಮಠದಲ್ಲಿ ಪ್ರವಚನ ಮುಗಿದು, ಮಂಗಳಾರತಿಯಾಗಿ, ಜನರೆಲ್ಲ ಲೋಕಲ್ ಗಾಡಿಯ ವೇಳೆ ನೋಡಿಕೊಂಡು ಹೊರಟುಹೋದ ಮೇಲೆ ಒಬ್ಬ ಹಿರಿಯ ಗೃಹಸ್ಥರು ನಮ್ಮ ಬಳಿ ಬಂದು ಕುಳಿತರು. ಸುತ್ತ ಯಾರೂ ಇಲ್ಲವೆಂಬುದನ್ನು ನೋಡಿಕೊಂಡು ತಗ್ಗಿದ ದನಿಯಲ್ಲಿ ಕೇಳಿದರು: “ರಾಯರೇ, ಮಗ ಚೆನ್ನಾಗಿದ್ದಾನೆ, ಸೊಸೆಯೂ ಒಳ್ಳೆಯವಳು. ಆದರೂ ನಾವಿಬ್ಬರು ವೃದ್ಧರಿಗಾಗಿಯೇ ಕಟ್ಟಿದ ವಸತಿಯಲ್ಲಿ ಬಾಡಿಗೆಗೆ ಮನೆ ಹಿಡಿದರೆ ಅದು ಅಧರ್ಮವಾಗುತ್ತದೆಯೇ?”

ನಾವು ತಕ್ಷಣ ಉತ್ತರ ಕೊಡಲಿಲ್ಲ. ಉತ್ತರ ತಿಳಿಯದಿದ್ದುದು ಒಂದು ಕಾರಣ. ಆ ಪ್ರಶ್ನೆ ಆರು ತಿಂಗಳಿಂದ ನಮ್ಮ ಮನೆಯಲ್ಲಿಯೇ ಬೇರುಬಿಟ್ಟಿದ್ದುದು ಇನ್ನೊಂದು ಕಾರಣ. ಪರವೂರಿನಲ್ಲಿ ದುಡಿದು ನಿವೃತ್ತರಾದ ನಮ್ಮಂಥ ಕುಟುಂಬಗಳಲ್ಲಿ ಈ ವಿಷಯ ಇಂದು ಗುಟ್ಟಾಗಿ ಚರ್ಚೆಯಾಗುತ್ತಿದೆ. ಗುಟ್ಟಿನಲ್ಲಿ ಬೆಳೆದ ಧರ್ಮಸಂದೇಹವು ಮನಸ್ಸನ್ನು ಕೊರೆಯುತ್ತದೆಯೇ ಹೊರತು ಪರಿಹಾರವಾಗುವುದಿಲ್ಲ. ಆದುದರಿಂದ ಇದನ್ನು ಬಹಿರಂಗವಾಗಿ ವಿಚಾರಿಸುವುದು ಯುಕ್ತವೆಂದು ತೋರಿತು.

ಮೊದಲು ವಸ್ತುಸ್ವರೂಪವನ್ನು ಅರಿಯಬೇಕು. ನಾವು ಹೇಳುತ್ತಿರುವುದು ದಿಕ್ಕಿಲ್ಲದವರಿಗಾಗಿ ಧರ್ಮಾರ್ಥ ನಡೆಯುವ ವೃದ್ಧಾಶ್ರಮದ ಮಾತಲ್ಲ. ಇಂಗ್ಲೆಂಡಿನಲ್ಲಿ ಎರಡನೆಯ ಮಹಾಯುದ್ಧದ ಅನಂತರದ ದಶಕಗಳಲ್ಲಿ ‘ಶೆಲ್ಟರ್ಡ್ ಹೌಸಿಂಗ್’ ಎಂಬ ವ್ಯವಸ್ಥೆ ಹರಡಿತು. ಅಲ್ಲಿ ವೃದ್ಧರಿಗೆ ತಮ್ಮದೇ ಬಾಗಿಲು, ತಮ್ಮದೇ ಅಡಿಗೆಮನೆ. ಆದರೆ ಕಟ್ಟಡದಲ್ಲಿ ವಿಚಾರಿಸಿಕೊಳ್ಳುವ ಮೇಲ್ವಿಚಾರಕನೊಬ್ಬ, ಬಿದ್ದರೆ ಎಳೆಯಲು ಗಂಟೆಯ ದಾರ. ಸ್ಥಳೀಯ ಸಂಸ್ಥೆಗಳೂ ವಸತಿ ಸಂಘಗಳೂ ಅವನ್ನು ಬಾಡಿಗೆಗೆ ಕೊಡುತ್ತವೆ. ನಮ್ಮ ದೇಶದಲ್ಲಿ ಅದೇ ಕಲ್ಪನೆ ಖಾಸಗಿಯವರ ಕೈಯಲ್ಲಿ ಬೆಳೆದು ಕೊಯಮತ್ತೂರು, ಪುಣೆ, ಬೆಂಗಳೂರು, ಚೆನ್ನೈಗಳ ಸುತ್ತ ನೆಲೆಯೂರಿದೆ. ಕೆಲವರು ಕೊಂಡುಕೊಳ್ಳುತ್ತಾರೆ, ಕೆಲವರು ಬಾಡಿಗೆಗೆ ಹಿಡಿಯುತ್ತಾರೆ. ಊಟದ ಮನೆ, ದಾದಿಯರು, ಆಂಬುಲೆನ್ಸ್, ಜಾರದ ನೆಲ, ಹಿಡಿಕೆಯುಳ್ಳ ಸ್ನಾನಗೃಹ ಇವೆಲ್ಲಕ್ಕೂ ಬಾಡಿಗೆಯ ಜೊತೆಗೆ ಬೇರೆ ಶುಲ್ಕವುಂಟು.

ಇಂಥ ವಸತಿಗಳ ಕರಪತ್ರಗಳಲ್ಲೆಲ್ಲ ‘ಸ್ವತಂತ್ರ ಜೀವನ’ ಎಂಬ ಮಾತು ತಪ್ಪದೆ ಕಾಣಸಿಗುತ್ತದೆ. ಅದನ್ನು ಓದಿದಾಗ ನಮಗೆ ನಗೆಯೂ ಬಂದಿತು, ವಿಚಾರಕ್ಕೆ ದಾರಿಯೂ ದೊರೆಯಿತು. ಶ್ರೀಮದಾಚಾರ್ಯರು ತತ್ತ್ವಸಂಖ್ಯಾನದಲ್ಲಿ ಸಮಸ್ತ ತತ್ತ್ವವನ್ನೂ ಸ್ವತಂತ್ರ, ಅಸ್ವತಂತ್ರವೆಂದು ಎರಡಾಗಿ ವಿಂಗಡಿಸುತ್ತಾರೆ. ಸ್ವತಂತ್ರನು ಶ್ರೀಹರಿಯೊಬ್ಬನೇ. ನಾವು ಉಳಿದವರೆಲ್ಲರೂ ಎರಡನೆಯ ಗುಂಪಿನವರು. ತೊಟ್ಟಿಲಲ್ಲಿದ್ದಾಗ ಅಸ್ವತಂತ್ರರು, ಅಧಿಕಾರದ ಕುರ್ಚಿಯಲ್ಲಿದ್ದಾಗಲೂ ಅಸ್ವತಂತ್ರರು. ವಾರ್ಧಕ್ಯದಲ್ಲಿ ಮೊಣಕಾಲು ಬಾಗದಾದಾಗ ಅದು ನಮಗೆ ಗೋಚರವಾಗುತ್ತದೆ, ಅಷ್ಟೇ. ಹಾಗಿರಲು ತಿಂಗಳ ಬಾಡಿಗೆ ಕೊಟ್ಟು ಸ್ವಾತಂತ್ರ್ಯವನ್ನು ಪಡೆಯುವುದೆಂತು? ಅಲ್ಲಿ ಹೋದವನು ಮಗನ ಬದಲು ವ್ಯವಸ್ಥಾಪಕನನ್ನೂ, ಸೊಸೆಯ ಬದಲು ಅಡಿಗೆಯವರನ್ನೂ, ಮೊಮ್ಮಗನ ಬದಲು ದಾದಿಯನ್ನೂ ಅವಲಂಬಿಸುತ್ತಾನೆ. ಅವನು ಬಾಡಿಗೆಗೆ ಹಿಡಿಯುವುದು ಸ್ವಾತಂತ್ರ್ಯವನ್ನಲ್ಲ, ಒಂದು ಬೇರೆ ಬಗೆಯ ಪರಾವಲಂಬನೆಯನ್ನು.

ಆದರೆ ಈ ಮಾತನ್ನು ಇಲ್ಲಿಗೇ ನಿಲ್ಲಿಸಿದರೆ ಅದು ಕೇವಲ ಶಬ್ದಚಮತ್ಕಾರವಾದೀತು. ಜೀವನು ಪರತಂತ್ರನಾದರೂ ಜಡನಲ್ಲ. ಭಗವಂತನೇ ದಯಪಾಲಿಸಿದ ದತ್ತಸ್ವಾತಂತ್ರ್ಯದಿಂದ ಅವನೂ ಕರ್ತೃವೇ, ವಿಧಿನಿಷೇಧಗಳಿಗೆ ಅಧಿಕಾರಿಯೇ ಎಂಬುದು ನಮ್ಮ ಸಿದ್ಧಾಂತ. ಯಾರನ್ನು, ಯಾವ ವಿಷಯದಲ್ಲಿ, ಎಷ್ಟು ಅವಲಂಬಿಸಬೇಕೆಂಬುದನ್ನು ಬುದ್ಧಿ ಸ್ಥಿರವಾಗಿರುವಾಗಲೇ ವಿವೇಚಿಸುವುದು ಆ ದತ್ತಸ್ವಾತಂತ್ರ್ಯದ ಸದುಪಯೋಗವೇ ಸರಿ. ಹಾಗಾದರೆ ‘ಸ್ವತಂತ್ರವಾಗಿ ಇರಬಹುದೇ?’ ಎಂಬ ಪ್ರಶ್ನೆಯನ್ನು ಬಿಟ್ಟು ‘ಯಾವ ಅವಲಂಬನೆ ಧರ್ಮ್ಯ?’ ಎಂದು ಕೇಳಬೇಕು.

ಇಲ್ಲಿ ಎರಡು ಪೂರ್ವಪಕ್ಷಗಳಿವೆ. ಒಂದು ಪಕ್ಷದವರು ಹೀಗೆನ್ನುತ್ತಾರೆ: ಪಿತೃಋಣವನ್ನು ತೀರಿಸುವುದು ಪುತ್ರನ ಕರ್ತವ್ಯ. ಮಗನು ಸಿದ್ಧನಿರುವಾಗ ತಂದೆತಾಯಿಗಳೇ ಬೇರೆಡೆಗೆ ಹೋದರೆ ಅವನ ಸೇವೆಯ ಅವಕಾಶವನ್ನು ಅವರೇ ಕಿತ್ತುಕೊಂಡಂತಾಯಿತು, ಅವನಿಗೆ ಲೋಕಾಪವಾದವನ್ನೂ ಹೊರಿಸಿದಂತಾಯಿತು. ವಿಜಾಪುರದಲ್ಲಿರುವ ನಮ್ಮ ಹಿರಿಯ ಅತ್ತಿಗೆಯವರು ವಿಷಯ ಕೇಳಿದೊಡನೆ ಫೋನಿನಲ್ಲಿ ಅಂದದ್ದು ಇದನ್ನೇ: “ಎದಿ ಎತ್ತರದ ಮಗ ಇದ್ದೂ ಬಾಡಿಗಿ ಮನಿ ಅಂದ್ರ ಮಂದಿ ಅವಗ ಏನಂದಾರು?” ಹೈದರಾಬಾದಿನಲ್ಲಿರುವ ಮಗನಂತೂ ಬಹಳ ಹೊತ್ತು ಸುಮ್ಮನಿದ್ದು, “ಅಪ್ಪಾ, ನನ್ನ ಕಡೆ ಏನ್ ಕಡಿಮಿ ಬಿತ್ತು?” ಎಂದಷ್ಟೇ ಕೇಳಿದ. ಆ ಒಂದು ವಾಕ್ಯ ನಮ್ಮನ್ನು ಹಲವು ರಾತ್ರಿ ನಿದ್ದೆಗೆಡಿಸಿತು.

ಎರಡನೆಯ ಪಕ್ಷದವರು, ಇದು ಆಧುನಿಕ ವಾನಪ್ರಸ್ಥ. ಆದುದರಿಂದ ಶಾಸ್ತ್ರಸಮ್ಮತವೆಂದು ಸಮಾಧಾನ ಹೇಳುತ್ತಾರೆ. ಈ ಸಮಾಧಾನವು ಅತಿ ಸುಲಭವಾಯಿತೆಂದು ನಮ್ಮ ಅನಿಸಿಕೆ. ಮೈ ಸುಕ್ಕುಗಟ್ಟಿ, ತಲೆ ನರೆತು, ಮಗನ ಮಗನನ್ನು ಕಂಡ ಮೇಲೆ ಗೃಹಸ್ಥನು ಪತ್ನಿಯನ್ನು ಮಕ್ಕಳಿಗೆ ಒಪ್ಪಿಸಿ, ಇಲ್ಲವೇ ಆಕೆಯೊಡನೆಯೇ ಅರಣ್ಯಕ್ಕೆ ಹೋಗಬೇಕೆಂದು ಮನುಸ್ಮೃತಿಯ ಆರನೆಯ ಅಧ್ಯಾಯ ವಿಧಿಸುವುದು ನಿಜ. ಆದರೆ ಅವನು ಅಗ್ನಿಯನ್ನೂ ಜೊತೆಗೆ ಒಯ್ಯುತ್ತಾನೆ, ಪಂಚಮಹಾಯಜ್ಞಗಳನ್ನು ಅಲ್ಲಿಯೂ ನಡೆಸುತ್ತಾನೆ, ಬಂದ ಅತಿಥಿಗೆ ತನ್ನಲ್ಲಿದ್ದುದನ್ನೇ ಕೊಡುತ್ತಾನೆ. ವಾನಪ್ರಸ್ಥನು ಭೋಗವನ್ನು ಬಿಡುತ್ತಾನೆಯೇ ಹೊರತು ಕೊಡುವುದನ್ನು ಬಿಡುವುದಿಲ್ಲ. ಕರಪತ್ರದ ವಾನಪ್ರಸ್ಥವು ಇದಕ್ಕೆ ತೀರ ವಿರುದ್ಧ: ಅಲ್ಲಿ ಭೋಗವೆಲ್ಲ ಸಿದ್ಧ, ಮಾಡಬೇಕಾದ ಕೆಲಸ ಮಾತ್ರ ಯಾವುದೂ ಇಲ್ಲ. ಹೆಸರನ್ನು ಶಾಸ್ತ್ರದಿಂದ ಎರವಲು ತಂದ ಮಾತ್ರಕ್ಕೆ ಸುಖವಾಸವು ಆಶ್ರಮಧರ್ಮವಾಗುವುದಿಲ್ಲ.

ಈ ಎರಡು ಪಕ್ಷಗಳ ನಡುವೆ ತೂಗುತ್ತಿದ್ದಾಗ ನಮ್ಮ ಮನಸ್ಸನ್ನು ಒಂದೆಡೆಗೆ ಹೊರಳಿಸಿದ್ದು ಗ್ರಂಥವಲ್ಲ, ಒಂದು ಹಳೆಯ ನೆನಪು. ಇದನ್ನು ಬರೆಯಲು ಸಂಕೋಚವಾಗುತ್ತದೆ. ಆದರೆ ಬರೆಯದಿದ್ದರೆ ಈ ಲೇಖನ ಪ್ರಾಮಾಣಿಕವಾಗದು.

1994ರಲ್ಲಿ ನಮಗೆ ಸೊಲ್ಲಾಪುರದಿಂದ ಭುಸಾವಳಕ್ಕೆ ವರ್ಗವಾಯಿತು. ವಿಧವೆಯಾದ ನಮ್ಮ ತಾಯಿಯವರು ನಮ್ಮೊಡನಿದ್ದರು. ಸೊಲ್ಲಾಪುರದಲ್ಲಿ ಬಾಗಿಲು ತೆರೆದರೆ ಕನ್ನಡ ಕೇಳುತ್ತಿತ್ತು. ಪುರಾಣ ಕೇಳಲು ಜೊತೆಯವರಿದ್ದರು, ಏಕಾದಶಿಯ ಭಜನೆಯಿತ್ತು. ಭುಸಾವಳದ ಕ್ವಾರ್ಟರ್ಸು ದೊಡ್ಡ ಬಂಗಲೆ; ಬೇವಿನ ಮರ, ತೋಟ, ಕೆಲಸದಾಳು ಎಲ್ಲವೂ ಇದ್ದವು. ಆದರೆ ಮಾತನಾಡುವವರಿರಲಿಲ್ಲ. ನಾವು ತಿಂಗಳಿಗೆ ಹದಿನೈದು ದಿನ ಲೈನಿನ ಮೇಲೆ ತಪಾಸಣೆಗೆ ಹೋಗುತ್ತಿದ್ದೆವು. ನಮ್ಮ ಪತ್ನಿ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದರು. ತಾಯಿಯವರು ಮಡಿ ಅಡಿಗೆ ಮುಗಿಸಿ, ಕಿಟಕಿಯ ಬಳಿ ಕುಳಿತು, ಹಾದುಹೋಗುವ ಗಾಡಿಗಳನ್ನು ನೋಡುತ್ತ ಹಗಲನ್ನು ಕಳೆಯುತ್ತಿದ್ದರು. ಒಂದು ದಿನ ಅವರು, “ನನ್ನ ಊರಿಗೆ ಕಳಿಸೋ. ಗುಡಿ ಹತ್ರ ಒಂದು ಖೋಲಿ ಬಾಡಿಗಿ ಹಿಡಿದು ಇರ್ತೀನಿ. ಪಕ್ಕದಾಗ ನನ್ನ ಕಾಕಾನ ಮಗಳು ಇದ್ದಾಳ. ಇಲ್ಲಿ ಯಾರ ಜೋಡಿ ಮಾತಾಡ್ಲಿ?” ಎಂದರು. ಆ ಖೋಲಿಯ ಬಾಡಿಗೆ ಆಗ ತಿಂಗಳಿಗೆ 150 ರೂಪಾಯಿ. ನಾವು, “ಅಧಿಕಾರಿಯ ತಾಯಿ ಬಾಡಿಗೆಯ ಖೋಲಿಯಲ್ಲಿದ್ದಾಳೆಂದರೆ ಜನ ಏನೆಂದುಕೊಂಡಾರು?” ಎಂದು ಹೇಳಿ ಮಾತು ಮುಗಿಸಿದೆವು. ಅವರು ಮತ್ತೆ ಕೇಳಲಿಲ್ಲ. 1997ರಲ್ಲಿ ಆ ಬಂಗಲೆಯಲ್ಲಿಯೇ ತೀರಿಕೊಂಡರು.

ಔಷಧಕ್ಕೆ, ಆಹಾರಕ್ಕೆ, ಉಪಚಾರಕ್ಕೆ ನಾವೇನೂ ಕಡಿಮೆ ಮಾಡಲಿಲ್ಲ. ಮಾತೃಸೇವೆಯನ್ನು ಮಾಡಿದೆವೆಂಬ ತೃಪ್ತಿಯಲ್ಲಿಯೇ ಇಪ್ಪತ್ತೈದು ವರ್ಷಗಳಿಗೂ ಮಿಕ್ಕಿ ಕಳೆದೆವು. ಎರಡು ವರ್ಷಗಳ ಹಿಂದೆ ನಮ್ಮ ಪತ್ನಿ ಡೊಂಬಿವಲಿಯ ಮನೆಯ ಸ್ನಾನಗೃಹದಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ನಮ್ಮದು ಲಿಫ್ಟ್ ಇಲ್ಲದ ಕಟ್ಟಡದ ಮೂರನೆಯ ಮಹಡಿ. ಮಗ ಬಂದು ಇಬ್ಬರನ್ನೂ ಹೈದರಾಬಾದಿಗೆ ಕರೆದೊಯ್ದ. ಮೂರು ತಿಂಗಳು ಅಲ್ಲಿದ್ದೆವು. ಮಗ ಸೊಸೆಯರ ಆದರಕ್ಕೆ ಎಣೆಯಿರಲಿಲ್ಲ. ಆದರೆ ಬೆಳಿಗ್ಗೆ ಎಂಟಕ್ಕೆ ಮೂವರೂ ಹೊರಟರೆ ಮನೆಗೆ ಜೀವ ಬರುತ್ತಿದ್ದುದು ರಾತ್ರಿ ಎಂಟಕ್ಕೆ. ಒಂದು ಮಧ್ಯಾಹ್ನ ಪಾರಾಯಣ ಮುಗಿಸಿ ಹೊರಬಂದು ನೋಡಿದರೆ, ನಮ್ಮ ಪತ್ನಿ ಹದಿನಾಲ್ಕನೆಯ ಮಹಡಿಯ ಕಿಟಕಿಯ ಬಳಿ ಕುಳಿತು ಕೆಳಗಿನ ರಸ್ತೆಯ ವಾಹನಗಳನ್ನು ಸುಮ್ಮನೆ ನೋಡುತ್ತಿದ್ದರು. ನಮಗೆ ಭುಸಾವಳದ ಕಿಟಕಿ ಕಂಡಿತು. ಒಂದೇ ಸೂರಿನ ಕೆಳಗೆ ಇಟ್ಟುಕೊಳ್ಳುವುದೂ ಸೇವೆ ಮಾಡುವುದೂ ಒಂದೇ ಅಲ್ಲವೆಂಬುದು ಅಂದು ನಮಗೆ ಅರ್ಥವಾಯಿತು. ನಮ್ಮ ತಾಯಿಯವರು ಕೇಳಿದ್ದು ಸೇವೆಯನ್ನು. ನಾವು ಕೊಟ್ಟದ್ದು ಸೂರನ್ನು. ಅದಕ್ಕೆ ಕಾರಣವಾದದ್ದು ಅವರ ಹಿತವಲ್ಲ, ನಮ್ಮ ಹೆಸರು.

ಇದರಿಂದ ಮಕ್ಕಳ ಮನೆಯೇ ತಪ್ಪು, ಬಾಡಿಗೆಯ ವಸತಿಯೇ ಸರಿ ಎಂದು ಯಾರೂ ತೀರ್ಮಾನಿಸಬಾರದು. ಮೊಮ್ಮಕ್ಕಳ ಗಲಾಟೆಯಲ್ಲಿಯೇ ಪ್ರಾಣ ಉಳಿಸಿಕೊಂಡಿರುವ ಅಜ್ಜಿಯರನ್ನು ನಾವು ಬಲ್ಲೆವು. ಸ್ಥಳವು ಧರ್ಮವನ್ನು ನಿರ್ಣಯಿಸುವುದಿಲ್ಲವೆಂಬುದಷ್ಟೇ ನಮ್ಮ ಅಭಿಪ್ರಾಯ. ಮತ್ತೆ ಯಾವುದು ನಿರ್ಣಯಿಸುತ್ತದೆ? ಇದಕ್ಕೆ ಇತಿಹಾಸಪುರಾಣಗಳಲ್ಲಿ ಎರಡು ಪ್ರಸ್ಥಾನಗಳ ಕಥೆ ನಮಗೆ ದಾರಿ ತೋರಿತು.

ಭಾಗವತದ ಪ್ರಥಮಸ್ಕಂಧದಲ್ಲಿ ವಿದುರನು ತೀರ್ಥಯಾತ್ರೆಯಿಂದ ಹಿಂದಿರುಗಿ, ಪಾಂಡವರ ಅನ್ನದಲ್ಲಿ ಬದುಕುತ್ತಿದ್ದ ಧೃತರಾಷ್ಟ್ರನಿಗೆ ಕಠಿನವಾಗಿ ಬುದ್ಧಿ ಹೇಳಿ ಎಚ್ಚರಿಸುತ್ತಾನೆ. ಧೃತರಾಷ್ಟ್ರನು ಯಾರಿಗೂ ತಿಳಿಸದೆ ಹೊರಟುಹೋಗುತ್ತಾನೆ. ಬೆಳಿಗ್ಗೆ ನಮಸ್ಕರಿಸಲು ಬಂದ ಧರ್ಮರಾಜನಿಗೆ ಬರಿದಾದ ಮನೆ ಕಾಣುತ್ತದೆ. ತನ್ನಿಂದ ಏನು ಅಪರಾಧವಾಯಿತೋ ಎಂದು ಅವನು ಶೋಕಿಸುತ್ತಾನೆ. ಮಹಾಭಾರತದ ಆಶ್ರಮವಾಸಿಕಪರ್ವದಲ್ಲಿ ಇದೇ ಪ್ರಸ್ಥಾನದ ವಿಸ್ತಾರ ಬೇರೆ ರೀತಿಯಲ್ಲಿದೆ. ಹದಿನೈದು ವರ್ಷ ಪಾಂಡವರ ಆಶ್ರಯದಲ್ಲಿದ್ದ ಮೇಲೆ ಧೃತರಾಷ್ಟ್ರನಿಗೆ ವೈರಾಗ್ಯ ಮೂಡುತ್ತದೆ. ಭೀಮಸೇನದೇವರ ಬಿರುನುಡಿಗಳು ಆ ವೈರಾಗ್ಯವನ್ನು ಹುಟ್ಟಿಸುವುದಕ್ಕಾಗಿಯೇ ಎಂದು ನಮ್ಮ ಸಂಪ್ರದಾಯದ ಹಿರಿಯರು ವಿವರಿಸುತ್ತಾರೆ. ಅವನು ಧರ್ಮರಾಜನ ಅನುಮತಿ ಬೇಡುತ್ತಾನೆ. ಧರ್ಮರಾಜ ಒಪ್ಪುವುದಿಲ್ಲ, ವೇದವ್ಯಾಸರೇ ಬಂದು ಹೇಳಿದ ಮೇಲೆ ಒಪ್ಪುತ್ತಾನೆ. ಮುಂದೆ ಧೃತರಾಷ್ಟ್ರನು ಪ್ರಜೆಗಳಿಂದ ಬೀಳ್ಕೊಂಡು, ಮೃತರ ಶ್ರಾದ್ಧಗಳನ್ನು ನಡೆಸಿ, ದಾನಗಳನ್ನಿತ್ತು ಹೊರಡುತ್ತಾನೆ. ಅನಂತರ ಪಾಂಡವರು ಕಾಡಿಗೆ ಹೋಗಿ ಹಿರಿಯರನ್ನು ಕಂಡು ಅವರೊಡನೆ ಇದ್ದು ಬರುತ್ತಾರೆ.

ಆ ಪ್ರಸ್ಥಾನದಲ್ಲಿ ನಮ್ಮನ್ನು ಹೆಚ್ಚು ಸೆಳೆದವಳು ಕುಂತೀದೇವಿ. ಧೃತರಾಷ್ಟ್ರ ಗಾಂಧಾರಿಯರು ಯುದ್ಧದಲ್ಲಿ ತಮ್ಮ ಪುತ್ರರನ್ನು ಕಳೆದುಕೊಂಡಿದ್ದರು, ಆಕೆಗೆ ಚಕ್ರವರ್ತಿಗಳಾದ ಮಕ್ಕಳಿದ್ದರು. ಯಾರೂ ಆಕೆಯನ್ನು ಕಡೆಗಣಿಸಿರಲಿಲ್ಲ. ಮಕ್ಕಳು ಅತ್ತು ಬೇಡಿದರು. ಆದರೂ ಆಕೆ ಹಿಂದಿರುಗಲಿಲ್ಲ. ಗಾಂಧಾರೀ ಧೃತರಾಷ್ಟ್ರರ ಸೇವೆಗೆಂದು ಹೊರಟಳು. ಮಕ್ಕಳಲ್ಲಿ ದೋಷವಿದ್ದರೆ ಮಾತ್ರ ತಂದೆತಾಯಿಗಳು ಮನೆ ಬಿಡುತ್ತಾರೆಂಬ ನಮ್ಮ ಅತ್ತಿಗೆಯವರ ಆಕ್ಷೇಪಕ್ಕೆ ಇದಕ್ಕಿಂತ ದೊಡ್ಡ ಸಮಾಧಾನ ಬೇಕಿಲ್ಲ. ಅದರೊಡನೆ ಇನ್ನೊಂದನ್ನೂ ಗಮನಿಸಬೇಕು: ಕುಂತಿಯು ತನ್ನ ಸೇವೆ ಮಾಡಿಸಿಕೊಳ್ಳಲು ಹೋಗಲಿಲ್ಲ, ಇತರರ ಸೇವೆ ಮಾಡಲು ಹೋದಳು.

ಈ ಕಥೆಗಳಿಂದ ನಾವು ತಿಳಿದ ನಿರ್ಣಯವಿಷ್ಟು. ಮನೆ ಬಿಡುವುದು ತಾನೇ ಧರ್ಮವೂ ಅಲ್ಲ, ಅಧರ್ಮವೂ ಅಲ್ಲ; ಹೇಗೆ ಬಿಟ್ಟೆವು, ಹೋದ ಮೇಲೆ ಏನು ಮಾಡಿದೆವು ಎಂಬುದರಿಂದ ಅದು ಧರ್ಮವೋ ಪಲಾಯನವೋ ಆಗುತ್ತದೆ. ತಿಳಿಸಿ ಹೋಗಬೇಕು, ಸಕಾಲದಲ್ಲಿ ಹೋಗಬೇಕು, ಲೆಕ್ಕಗಳನ್ನು ಸರಿಪಡಿಸಿ ಹೋಗಬೇಕು, ಹೋದಲ್ಲಿಯೂ ಕೊಡುವುದನ್ನು ಬಿಡಬಾರದು.

ತಿಳಿಸುವುದೆಂದರೆ ತೀರ್ಮಾನವನ್ನು ಸಾರುವುದಲ್ಲ. ಮಕ್ಕಳ ಮೇಲಿನ ಸಿಟ್ಟಿನಲ್ಲಿ ಠೇವಣಿ ಕಟ್ಟಿ ಬಂದು, ರಸೀತಿಯನ್ನು ಮುಂದೆ ಹಿಡಿಯುವವರಿದ್ದಾರೆ. ಅದು ಭಾಗವತದ ಬರಿದಾದ ಮನೆಯೇ, ವೈರಾಗ್ಯ ಮಾತ್ರ ಇಲ್ಲ. ಮಗ ಒಪ್ಪದಿದ್ದರೆ ಕಾಯಬೇಕು, ಮತ್ತೆ ಮಾತನಾಡಬೇಕು. ಅವನ ನೋವಿಗೂ ನಮ್ಮ ಮನೆಯಲ್ಲಿ ಸ್ಥಾನವಿರಬೇಕು.

ಸಕಾಲವೆಂಬುದೂ ಅಷ್ಟೇ ಮುಖ್ಯ. ಇಂಥ ವಸತಿಗಳಲ್ಲಿ ಹಲವು, ತಮ್ಮ ಕೆಲಸ ತಾವು ಮಾಡಿಕೊಳ್ಳಬಲ್ಲವರಿಗೆ ಮಾತ್ರ ಮನೆ ಕೊಡುತ್ತವೆ. ಕಾಲು ಕೈ ಬಿದ್ದ ಮೇಲೆ ಹೋದರೆ ಬಾಗಿಲು ತೆರೆಯುವುದಿಲ್ಲ. ಒಳಗೆ ಹೋದವರು ಮುಂದೆ ಹಾಸಿಗೆ ಹಿಡಿದರೆ ಅಥವಾ ಮರೆವಿನ ರೋಗಕ್ಕೆ ತುತ್ತಾದರೆ ಅಲ್ಲಿಯೇ ಇಟ್ಟುಕೊಳ್ಳುತ್ತಾರೆಯೇ, ಶುಶ್ರೂಷಾ ವಿಭಾಗಕ್ಕೆ ಕಳಿಸುತ್ತಾರೆಯೇ, ಮನೆ ಖಾಲಿ ಮಾಡಿರೆನ್ನುತ್ತಾರೆಯೇ ಎಂಬುದನ್ನು ಮೊದಲ ದಿನವೇ ಕೇಳಬೇಕು. ಇದು ವ್ಯವಹಾರದ ಮಾತಷ್ಟೇ ಅಲ್ಲ. ‘ಸ್ವತಂತ್ರ’ರಾಗಿರುವವರೆಗೆ ಮಾತ್ರ ಆಸರೆಯೆಂದರೆ, ಆಸರೆ ನಿಜವಾಗಿ ಬೇಕಾದ ದಿನ ಅದು ಇರುವುದಿಲ್ಲ. ಆ ದಿನಕ್ಕೆ ಮಗನ ಮನೆಯ ದಾರಿ ತೆರೆದಿರಬೇಕು. ಜಗಳವಾಡಿ ಹೊರಟವರಿಗೆ ಆ ದಾರಿ ಮುಚ್ಚಿರುತ್ತದೆ.

ಲೆಕ್ಕದ ವಿಷಯದಲ್ಲಿ ರೈಲ್ವೆಯ ಹಳೆಯ ಅಭ್ಯಾಸದಿಂದ ನಾಲ್ಕು ಮಾತು ಹೇಳುವುದು ಕ್ಷಮ್ಯವೆಂದುಕೊಳ್ಳುತ್ತೇವೆ. ಕೊಳ್ಳುವುದಕ್ಕಿಂತ ಬಾಡಿಗೆ ನಮಗೆ ಹಿತವೆನಿಸಿತು. ಒಗ್ಗದಿದ್ದರೆ ಬಿಟ್ಟು ಬರಬಹುದು. ಜೀವಮಾನದ ಗಳಿಕೆ ಒಂದೆಡೆ ಸಿಕ್ಕಿಬೀಳುವುದಿಲ್ಲ. ನಮ್ಮ ನಂತರ ಮಕ್ಕಳು ಅದನ್ನು ಮಾರಲು ಅಲೆಯಬೇಕಿಲ್ಲ. ಆದರೆ ಬಾಡಿಗೆಯಲ್ಲಿ ಬೇರೊಂದು ಅಸ್ಥಿರತೆಯಿದೆ. ಮುಂಬಯಿ ಪುಣೆಗಳಲ್ಲಿ ರೂಢಿಯಲ್ಲಿರುವ ‘ಲೀವ್ ಆಂಡ್ ಲೈಸೆನ್ಸ್’ ಕರಾರು ಬಹುಮಟ್ಟಿಗೆ ಹನ್ನೊಂದು ತಿಂಗಳದು. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯಿದೆಯಂತೆ ಅದು ಲಿಖಿತವಾಗಿರಬೇಕು, ನೋಂದಣಿಯೂ ಆಗಬೇಕು. ನೋಂದಾಯಿಸುವ ಹೊಣೆ ಮನೆಯ ಮಾಲಿಕನದು. ಅವಧಿ ಮುಗಿದ ಮೇಲೆ ಬಿಡದಿದ್ದವರಿಂದ ಎರಡು ಪಟ್ಟು ಶುಲ್ಕ ವಸೂಲು ಮಾಡಲು ಅವಕಾಶವಿದೆ. ಎಂಬತ್ತರ ವಯಸ್ಸಿನಲ್ಲಿ ಹನ್ನೊಂದು ತಿಂಗಳಿಗೊಮ್ಮೆ ಗಂಟುಮೂಟೆ ಕಟ್ಟಲಾಗದು. ಆದುದರಿಂದ ದೀರ್ಘ ಅವಧಿಯನ್ನೂ ಸಾಕಷ್ಟು ಮುಂಚಿನ ನೋಟಿಸನ್ನೂ ಕರಾರಿನಲ್ಲಿಯೇ ಬರೆಸಬೇಕು. ಬಾಡಿಗೆ, ಸೇವಾಶುಲ್ಕ, ಊಟದ ಖರ್ಚು ಮೂರೂ ಬೇರೆ ಬೇರೆ. ವರ್ಷಕ್ಕೆ ಎಷ್ಟು ಏರುತ್ತವೆಂಬುದನ್ನೂ ಠೇವಣಿ ಯಾವಾಗ ಹಿಂದಿರುಗುತ್ತದೆಂಬುದನ್ನೂ ಬಾಯಿಮಾತಿಗೆ ಬಿಡಬಾರದು. ಕೇಂದ್ರದ ವಸತಿ ಸಚಿವಾಲಯವು 2019ರಲ್ಲಿ ನಿವೃತ್ತರ ವಸತಿಗಳಿಗಾಗಿ ಮಾದರಿ ಮಾರ್ಗಸೂಚಿಯನ್ನು ಹೊರಡಿಸಿತು. ಗಾಲಿಕುರ್ಚಿ ಹಿಡಿಯುವ ಲಿಫ್ಟ್, ಇಳಿಜಾರು ದಾರಿ, ಜಾರದ ನೆಲ, ತುರ್ತುಗಂಟೆ ಇಂಥವನ್ನು ಅದು ಹೇಳುತ್ತದೆ. ಅದನ್ನು ಕೈಯಲ್ಲಿ ಹಿಡಿದು ಮನೆ ನೋಡಿದರೆ ಕರಪತ್ರಕ್ಕೂ ಕಟ್ಟಡಕ್ಕೂ ಇರುವ ಅಂತರ ಗೊತ್ತಾಗುತ್ತದೆ.

ಇವೆಲ್ಲಕ್ಕಿಂತ ಗಹನವಾದ ಲೆಕ್ಕವೊಂದಿದೆ. ಗಂಡಸರು ಅದನ್ನು ಮರೆಯುತ್ತಾರೆ. ನಮ್ಮ ನಿವೃತ್ತಿವೇತನ ಕೊನೆಯ ವೇತನದ ಅರ್ಧದಷ್ಟು. ನಮ್ಮ ನಂತರ ಪತ್ನಿಗೆ ದೊರೆಯುವ ಸಾಮಾನ್ಯ ಕುಟುಂಬ ಪಿಂಚಣಿ ಶೇಕಡಾ 30. ಅಂದರೆ ಐದು ರೂಪಾಯಿ ಬರುತ್ತಿದ್ದಲ್ಲಿ ಮೂರು. ಇಬ್ಬರಿದ್ದಾಗ ಸಲೀಸಾಗಿ ಕೊಡುವ ಬಾಡಿಗೆ ಒಬ್ಬಳಾದಾಗ ಭಾರವಾಗುತ್ತದೆ, ಏಕೆಂದರೆ ಊಟ ಅರ್ಧವಾದರೂ ಮನೆ ಅರ್ಧವಾಗುವುದಿಲ್ಲ. ಮೂರು ರೂಪಾಯಿಯಲ್ಲಿ ನಿಭಾಯಿಸಬಲ್ಲ ಮನೆಯನ್ನೇ ಐದು ರೂಪಾಯಿ ಇರುವಾಗ ಹಿಡಿಯಬೇಕು. ಅಂತೆಯೇ ಇದ್ದ ಮನೆಯನ್ನು ಆತುರದಲ್ಲಿ ಮಕ್ಕಳ ಹೆಸರಿಗೆ ದಾನಪತ್ರ ಮಾಡಿ ಹೋಗಬಾರದು. ತಂದೆತಾಯಿಗಳ ಪಾಲನೆಗಾಗಿ 2007ರಲ್ಲಿ ಬಂದ ಕಾಯಿದೆಯ 23ನೇ ಕಲಮು, ಪೋಷಣೆಯ ಷರತ್ತಿನೊಡನೆ ಕೊಟ್ಟ ಆಸ್ತಿಯನ್ನು ಆ ಷರತ್ತು ಮುರಿದಾಗ ಹಿಂಪಡೆಯಲು ದಾರಿ ಮಾಡಿದೆ. ಆದರೆ ಮಗನ ವಿರುದ್ಧ ನ್ಯಾಯಮಂಡಳಿಯ ಮೆಟ್ಟಿಲು ಹತ್ತುವ ಪ್ರಸಂಗವೇ ಬಾರದಂತೆ ನಡೆದುಕೊಳ್ಳುವುದು ಉತ್ತಮ. ಡೊಂಬಿವಲಿಯ ಮನೆಯನ್ನು ನಾವು ಬಾಡಿಗೆಗೆ ಕೊಟ್ಟಿದ್ದೇವೆ. ಅಲ್ಲಿ ಬಂದದ್ದು ಇಲ್ಲಿ ಹೋಗುತ್ತದೆ.

ನಮ್ಮವರಿಗೆ ವಿಶೇಷವಾದ ಕೆಲವು ವಿಚಾರಗಳೂ ಇವೆ. ಸಾಮಾನ್ಯ ಊಟದ ಮನೆಯಲ್ಲಿ ಈರುಳ್ಳಿ ಬೆಳ್ಳುಳ್ಳಿಯಿಲ್ಲದ ಅಡಿಗೆ ದೊರೆಯುವುದು ಕಷ್ಟ. ಚಾತುರ್ಮಾಸ್ಯದ ವ್ರತ, ದ್ವಾದಶಿಯ ಮುಂಜಾವಿನ ಪಾರಣೆ ಅವರ ವೇಳಾಪಟ್ಟಿಗೆ ಹೊಂದುವುದಿಲ್ಲ. ಆದುದರಿಂದ ಸ್ವಂತ ಅಡಿಗೆಮನೆ ಇರುವಂಥದನ್ನೇ ನೋಡಬೇಕು. ಮನೆಯೊಳಗೆ ಅಗ್ನಿ ಹಚ್ಚಲು ಒಪ್ಪಿಗೆಯಿದೆಯೇ, ಶ್ರಾದ್ಧದ ದಿನ ಬ್ರಾಹ್ಮಣರಿಗೆ ಊಟ ಹಾಕಬಹುದೇ, ಮಗ ಸೊಸೆ ಬಂದರೆ ಎಷ್ಟು ದಿನ ಉಳಿಯಬಹುದು ಎಂಬುದನ್ನು ಕೇಳಲು ನಾಚಿಕೆ ಬೇಡ. ಮಕ್ಕಳು ಬಂದು ಉಳಿಯಲಾಗದ ಮನೆ ಎಷ್ಟು ಸೊಗಸಾಗಿದ್ದರೂ ಅದನ್ನು ಬಿಡಬೇಕು. ಪಾಂಡವರು ಬಂದು ಇದ್ದುಹೋಗುವಷ್ಟು ಸ್ಥಳ ಕಾಡಿನಲ್ಲಿಯೂ ಇತ್ತು.

ಇನ್ನು ಕೊಡುವ ಮಾತು. ಪುಣೆಯ ಹೊರವಲಯದ ಒಂದು ವಸತಿಯಲ್ಲಿ ನಾವು ಪರೀಕ್ಷಾರ್ಥವಾಗಿ ಹದಿನೈದು ದಿನ ಇದ್ದು ಬಂದೆವು. ಮೊದಲ ನಾಲ್ಕು ದಿನ ಅತಿಥಿಗಳಂತೆ ಕುಳಿತೆವು. ಆ ನಾಲ್ಕೂ ದಿನ ಬೇಸರವೇ. ಐದನೆಯ ದಿನ ಪಕ್ಕದ ಮನೆಯ ಧಾರವಾಡದ ಹಿರಿಯ ಮಹಿಳೆಯೊಬ್ಬರು ಕಣ್ಣು ಕಾಣದೆ ಸುಂದರಕಾಂಡದ ಪಾರಾಯಣ ನಿಂತಿದೆಯೆಂದರು. ಅಂದಿನಿಂದ ಮಧ್ಯಾಹ್ನ ನಾಲ್ಕಕ್ಕೆ ನಾವು ಓದಿದೆವು, ಅವರು ಕೇಳಿದರು. ವಾರ ಕಳೆಯುವಷ್ಟರಲ್ಲಿ ಕೇಳುವವರು ಏಳು ಜನರಾದರು. ನಮ್ಮ ಪತ್ನಿ ಅಲ್ಲಿನ ಕಸಗುಡಿಸುವ ಹೆಣ್ಣುಮಗಳ ಮಗುವಿಗೆ ಗಣಿತ ಹೇಳಿಕೊಡಲು ಶುರುಮಾಡಿದ್ದರು. ಆ ಹದಿನೈದು ದಿನಗಳಲ್ಲಿ ಅವರು ಕಿಟಕಿಯ ಬಳಿ ಕುಳಿತುದನ್ನು ನಾವು ಕಾಣಲಿಲ್ಲ. ಹಣ ಕೊಟ್ಟು ಸೇವೆ ಪಡೆಯುವುದರಿಂದ ಒಂದು ಮನೆ ನಡೆಯಬಹುದು. ಯಾರಿಗಾದರೂ ನಾವು ಬೇಕಾಗಿದ್ದಾಗಲೇ ಅಲ್ಲಿ ಜೀವನ ನಡೆಯುತ್ತದೆ.

ಕೊನೆಗೆ ಮಗನ ಪ್ರಶ್ನೆಗೆ ಉತ್ತರ ಹೇಳಬೇಕಾಯಿತು. ಅವನಿಗೆ ನಾವು ಭುಸಾವಳದ ಕಥೆಯನ್ನು ಮೊದಲ ಬಾರಿ ಹೇಳಿದೆವು. “ನಿನ್ನಲ್ಲಿ ಏನೂ ಕಡಿಮೆಯಿಲ್ಲ. ನಿನ್ನ ಅಜ್ಜಿ ಕೇಳಿದ್ದನ್ನು ನಾನು ಕೊಡಲಿಲ್ಲ, ನಿನ್ನ ತಾಯಿಗೆ ಅದೇ ಆಗಬಾರದು” ಎಂದೆವು. ಅವನು ಏನೂ ಹೇಳಲಿಲ್ಲ. ಆದರೆ ಮುಂದಿನ ಶನಿವಾರ ರಾತ್ರಿಯ ಗಾಡಿ ಹಿಡಿದು ಪುಣೆಗೆ ಬಂದು, ನಾವು ಸಹಿ ಹಾಕಲಿದ್ದ ಕರಾರುಪತ್ರವನ್ನು ಮೊದಲಿಂದ ಕೊನೆಯವರೆಗೆ ಓದಿದ. ಕರಾರು ನಮ್ಮೊಬ್ಬರ ಹೆಸರಿನಲ್ಲಿತ್ತು. “ಅಪ್ಪಾ, ನೀವಿಲ್ಲದಾಗ ಅಮ್ಮ ಇಲ್ಲಿ ಇರಬಹುದು ಅಂತ ಇದರಾಗ ಎಲ್ಲಿ ಬರದದ?” ಎಂದು ಕೇಳಿದ. ಮೂವತ್ತಾರು ವರ್ಷ ಕಡತಗಳನ್ನು ನೋಡಿದ ನಮ್ಮ ಕಣ್ಣಿಗೆ ಅದು ಬಿದ್ದಿರಲಿಲ್ಲ. ಅವನು ಕಚೇರಿಯಲ್ಲಿ ಕುಳಿತು ವಾದಿಸಿ, ಇಬ್ಬರ ಹೆಸರನ್ನೂ ಬರೆಸಿ, ಒಬ್ಬರ ಕಾಲಾನಂತರ ಇನ್ನೊಬ್ಬರು ಅದೇ ಬಾಡಿಗೆಯಲ್ಲಿ ಮುಂದುವರಿಯುವ ಷರತ್ತನ್ನು ಸೇರಿಸಿದ ಮೇಲೆಯೇ ನಮಗೆ ಲೇಖನಿ ಕೊಟ್ಟ. ಪುತ್ರಸೇವೆಯ ಅವಕಾಶ ತಪ್ಪುತ್ತದೆಂದು ಹೇಳಿದವರು ಅಂದು ಅಲ್ಲಿರಬೇಕಿತ್ತು.

ರೈಲ್ವೆಯಲ್ಲಿದ್ದವರಿಗೆ ಕ್ವಾರ್ಟರ್ಸು ಬಿಡುವುದು ಹೊಸದಲ್ಲ. ನಾವು ಹನ್ನೊಂದು ಊರುಗಳಲ್ಲಿ ಬಿಟ್ಟಿದ್ದೇವೆ. ಒಂದರಲ್ಲಿಯೂ ನಮ್ಮ ಹೆಸರಿನ ಹಲಗೆ ಉಳಿದಿಲ್ಲ. ಇನ್ನೊಂದನ್ನೂ ಬಿಡಬೇಕಾಗಿದೆ, ಅದರ ಆಜ್ಞೆ ಹೊರಡಿಸುವವನು ಬೇರೆ. ಅಲ್ಲಿಯವರೆಗೆ ಇರುವ ಜಾಗ ಮಗನದೋ, ಸ್ವಂತದ್ದೋ, ಬಾಡಿಗೆಯದೋ ಎಂಬುದು ಎರಡನೆಯ ಪ್ರಶ್ನೆ. ಅಂದು ಮಠದಲ್ಲಿ ಕೇಳಿದ ಆ ಗೃಹಸ್ಥರಿಗೆ ನಮ್ಮ ಉತ್ತರವಿಷ್ಟೇ: ಹೋಗಬಹುದು, ಆದರೆ ಮಗನನ್ನು ಜೊತೆಗೆ ಕರೆದುಕೊಂಡು ಹೋಗಿ ಮನೆ ನೋಡಿರಿ, ಕರಾರಿನಲ್ಲಿ ಮನೆಯವರ ಹೆಸರನ್ನು ಬರೆಸಿರಿ, ಸಂಪುಟದೊಡನೆ ನಿಮ್ಮಿಂದ ಯಾರಿಗಾದರೂ ಉಪಯೋಗವಾಗುವ ಒಂದು ವಿದ್ಯೆಯನ್ನೂ ಕೊಂಡೊಯ್ಯಿರಿ. ದೋಷವಿದ್ದಲ್ಲಿ ವಿಜ್ಞರು ತಿದ್ದಬೇಕೆಂದು ಪ್ರಾರ್ಥನೆ.

ಶ್ರೀಕೃಷ್ಣಾರ್ಪಣಮಸ್ತು.